ಕತ್ತರಿಗೆ ಮೊದಲು ಸೂಜಿ: ಕೂತರೆ ಉರಿಯುವ ನೋವಿಗೆ ನರ್ವ್ ಬ್ಲಾಕ್ ಏಕೆ?

ಮುಂಬಯಿಯ ಮಲಾಡ್ ಕೂತು ದುಡಿಯುವವರ ಊರು. ಪಶ್ಚಿಮದಲ್ಲಿ ಮೈಂಡ್‌ಸ್ಪೇಸ್‌ನ ಕಚೇರಿಗಳಲ್ಲಿ ಇಡೀ ಪಾಳಿ ಕುರ್ಚಿ ಬಿಡದ ಹುಡುಗ ಹುಡುಗಿಯರು, ಪೂರ್ವದಲ್ಲಿ ಕುರಾರ್‌ನ ಗಲ್ಲಿಗಳಿಂದ ಹೊರಟು ಹೈವೇ ಉದ್ದಕ್ಕೂ ಓಡುವ ರಿಕ್ಷಾದವರು, ಎಸ್.ವಿ. ರೋಡಿನ ಹೋಟೆಲುಗಳ ಗಲ್ಲಾದಲ್ಲಿ ಬೆಳಗಿನ ಇಡ್ಲಿಯಿಂದ ರಾತ್ರಿಯ ಲೆಕ್ಕದ ತನಕ ಕದಲದ ನಮ್ಮ ಕನ್ನಡ, ತುಳು ಮಂದಿ. ಇವರಲ್ಲಿ ಯಾರಾದರೂ ಸೊಂಟ ನೋವು ಅಂದರೆ ಎಣ್ಣೆಯಿಂದ ಎಂಆರ್‌ಐವರೆಗೆ ಸಲಹೆ ಕೊಡಲು ಹತ್ತು ಮಂದಿ ಸಿಗುತ್ತಾರೆ. ನೋವು ಅದಕ್ಕೂ ಕೆಳಗೆ, ಗುದದ್ವಾರದಿಂದ ಜನನಾಂಗದವರೆಗಿನ ಅಂಗೈಯಗಲದ ಜಾಗದಲ್ಲಿ ಇದ್ದರೆ ಮಾತ್ರ ಬಾಯಿ ಕಟ್ಟುತ್ತದೆ. ಹೆಂಡತಿಗೂ ಹೇಳದ ಗಂಡಸರಿದ್ದಾರೆ, ತಾಯಿಗೂ ಹೇಳದ ಹೆಣ್ಣುಮಕ್ಕಳಿದ್ದಾರೆ.

ಹೇಳಿಕೊಂಡವರ ಅಲೆದಾಟವೂ ಹೆಚ್ಚುಕಡಿಮೆ ಒಂದೇ ತೆರನಾದದ್ದು. ಮೊದಲು ಮೂಲವ್ಯಾಧಿಯ ಮುಲಾಮು. ಗಂಡಸರಾದರೆ ಪ್ರಾಸ್ಟೇಟ್ ಸೋಂಕು ಅಂದುಕೊಂಡು ಆಂಟಿಬಯಾಟಿಕ್, ಹೆಂಗಸರಾದರೆ ಗರ್ಭಕೋಶದ ಸೋನೋಗ್ರಫಿ. ಆಮೇಲೆ ಮೂತ್ರ ಪರೀಕ್ಷೆ, ಸ್ಕ್ಯಾನು. ಎಲ್ಲವೂ ನಾರ್ಮಲ್. ಎಲ್ಲವೂ ನಾರ್ಮಲ್ ಇರುವಾಗ ಉಳಿಯುವುದು ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು. ಅಷ್ಟರಲ್ಲಿ ಯಾರೋ ಒಬ್ಬ ಡಾಕ್ಟರು ಇದು ನರದ ನೋವು ಇರಬಹುದು, ನರ ಎಲ್ಲೋ ಒತ್ತಿಕೊಂಡಿರಬಹುದು, ಆಪರೇಷನ್ ಬೇಕಾದೀತು, ಅದಕ್ಕೆ ಮೊದಲು ಒಂದು ಬ್ಲಾಕ್ ಮಾಡಿ ನೋಡೋಣ ಅನ್ನುತ್ತಾರೆ. ಇಂಜೆಕ್ಷನ್ ಆಗುತ್ತದೆ. ನಾಲ್ಕೈದು ಗಂಟೆ ಆರಾಮ. ರಾತ್ರಿ ನೋವು ವಾಪಸ್. ಮನೆಯವರ ತೀರ್ಪು: ‘ದುಡ್ಡು ದಂಡ, ಇಂಜೆಕ್ಷನ್ ಫೇಲ್.’

ಈ ತೀರ್ಪು ಪೂರ್ತಿ ತಪ್ಪು. ನೋವು ವಾಪಸ್ ಬಂದದ್ದರಿಂದ ಆ ಇಂಜೆಕ್ಷನ್ ಸೋಲಲಿಲ್ಲ. ಅದನ್ನು ಕೊಟ್ಟದ್ದು ನೋವು ಕಳೆಯಲಿಕ್ಕಲ್ಲ, ನೋವಿನ ದಾರಿ ಯಾವುದೆಂದು ತಿಳಿಯಲಿಕ್ಕೆ. ರೋಗಿಗೆ ಇದನ್ನು ಮುಂಚೆಯೇ ಬಿಡಿಸಿ ಹೇಳದಿದ್ದರೆ ತಪ್ಪು ಡಾಕ್ಟರದು, ರೋಗಿಯದಲ್ಲ.

ಇಲ್ಲಿ ಸಾಮಾನ್ಯವಾಗಿ ಆರೋಪಿ ಸ್ಥಾನದಲ್ಲಿ ನಿಲ್ಲುವುದು ಪುಡೆಂಡಲ್ ಎಂಬ ನರ. ಬಲಕ್ಕೊಂದು, ಎಡಕ್ಕೊಂದು. ಬೆನ್ನುಮೂಳೆಯ ತಳದಲ್ಲಿರುವ ಸೇಕ್ರಮ್ ಎಲುಬಿನ ಎರಡು, ಮೂರು, ನಾಲ್ಕನೆಯ ನರಬೇರುಗಳು ಕೂಡಿ ಇದು ಹುಟ್ಟುತ್ತದೆ. ಹೊಟ್ಟೆಯ ಕೆಳಗಿನ ಎಲುಬಿನ ಬುಟ್ಟಿಯಿಂದ ಹಿಂದಕ್ಕೆ ಹೊರಬಂದು, ಅಲ್ಲಿ ಮೊನಚಾಗಿ ಚಾಚಿದ ಒಂದು ಎಲುಬನ್ನು ಸುತ್ತಿ, ಎರಡು ಗಟ್ಟಿ ಪಟ್ಟಿಗಳ (ಲಿಗಮೆಂಟುಗಳ) ನಡುವೆ ನುಸುಳಿ ಮತ್ತೆ ಒಳಗೆ ಹೋಗುತ್ತದೆ. ಮುಂದೆ ಸ್ನಾಯುವಿನ ಹೊದಿಕೆಯಲ್ಲೇ ಆದ ಇಕ್ಕಟ್ಟಿನ ಕೊಳವೆಯೊಂದರಲ್ಲಿ ಸಾಗುತ್ತದೆ. ಐರ್ಲೆಂಡಿನ ಅಂಗರಚನಾ ತಜ್ಞ ಬೆಂಜಮಿನ್ ಅಲ್ಕಾಕ್ 1836ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅಲ್ಕಾಕ್ ಕಾಲುವೆ ಎಂದೇ ಹೆಸರು. ಕೊನೆಗೆ ನರ ಮೂರು ಕವಲಾಗುತ್ತದೆ: ಗುದದ್ವಾರಕ್ಕೊಂದು, ನಡುವಿನ ಜಾಗಕ್ಕೊಂದು, ಶಿಶ್ನ ಅಥವಾ ಚಂದ್ರನಾಡಿಗೆ ಒಂದು. ಮಲಮೂತ್ರದ ಹಿಡಿತವೂ ಲೈಂಗಿಕ ಸ್ಪರ್ಶವೂ ಇದೇ ನರದ ಪಾಲು. ಅದಕ್ಕೇ ಇದರ ನೋವು ಬರೀ ನೋವಾಗಿ ಉಳಿಯುವುದಿಲ್ಲ, ಸಂಸಾರಕ್ಕೂ ತಟ್ಟುತ್ತದೆ.

ಆ ಎರಡು ಪಟ್ಟಿಗಳ ನಡುವೆ ಅಥವಾ ಆ ಕಾಲುವೆಯಲ್ಲಿ ನರ ಒತ್ತಿಕೊಳ್ಳಬಹುದು. ಸೈಕಲ್ ಸವಾರರಲ್ಲಿ ಈ ತೊಂದರೆಯನ್ನು 1987ರಲ್ಲಿ ಫ್ರಾನ್ಸ್‌ನ ಅಮರೆಂಕೊ ಬರೆದು ತೋರಿಸಿದರು. ಕಷ್ಟದ ಹೆರಿಗೆಯಲ್ಲಿ ನರ ಜಗ್ಗಿಹೋಗಬಹುದು. ಬಿದ್ದ ಪೆಟ್ಟಿನಿಂದ, ಹಿಂದಿನ ಯಾವುದೋ ಆಪರೇಷನ್‌ನಿಂದಲೂ ಆಗಬಹುದು. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಹಾಗೆಂದು ದಿನವಿಡೀ ಕೂರುವವರೆಲ್ಲ ಹೆದರಬೇಕಿಲ್ಲ. ಇದು ಅಪರೂಪದ ಕಾಯಿಲೆ, ಆ ಜಾಗದ ನೋವಿಗೆ ಇದಕ್ಕಿಂತ ಸಾಮಾನ್ಯವಾದ ಕಾರಣಗಳು ಬೇಕಾದಷ್ಟಿವೆ.

ಗುರುತಿಸುವುದು ಹೇಗೆ? ಫ್ರಾನ್ಸ್‌ನ ನಾಂತ್ ನಗರದಲ್ಲಿ 2006ರಲ್ಲಿ ಸೇರಿದ ತಜ್ಞರು ಐದು ಮುಖ್ಯ ಲಕ್ಷಣಗಳನ್ನು ಒಪ್ಪಿಕೊಂಡರು, 2008ರಲ್ಲಿ ಅವು ಪ್ರಕಟವಾದವು. ಇಂದಿಗೂ ಡಾಕ್ಟರುಗಳು ‘ನಾಂತ್ ಮಾನದಂಡ’ ಅನ್ನುವುದು ಇವನ್ನೇ. ನೋವು ಈ ನರದ ಹರವಿನಲ್ಲೇ ಇರಬೇಕು. ಕೂತರೆ ಹೆಚ್ಚಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿರಬಾರದು. ಪರೀಕ್ಷಿಸಿದಾಗ ಆ ಜಾಗದ ಚರ್ಮ ಜೋಮು ಹಿಡಿದಿರಬಾರದು. ಐದನೆಯದೇ ಬ್ಲಾಕ್: ನರವನ್ನು ಮರಗಟ್ಟಿಸಿದಾಗ ನೋವು ಇಳಿಯಬೇಕು. ಮೊದಲ ನಾಲ್ಕಕ್ಕೆ ಯಂತ್ರವೂ ಬೇಡ, ಸೂಜಿಯೂ ಬೇಡ. ರೋಗಿ ನಾಚಿಕೆ ಬಿಟ್ಟು ಹೇಳಬೇಕು, ಡಾಕ್ಟರು ಗಡಿಬಿಡಿ ಬಿಟ್ಟು ಕೇಳಬೇಕು. ಇದರ ಜೊತೆಗೆ ಒಂದು ಸ್ವಾರಸ್ಯದ ಸುಳಿವೂ ಇದೆ. ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾಗದವರು ಕಮೋಡಿನ ಮೇಲೆ ಆರಾಮವಾಗಿ ಕೂರುತ್ತಾರೆ, ಏಕೆಂದರೆ ಅಲ್ಲಿ ಭಾರ ಸುತ್ತಲಿನ ಅಂಚಿನ ಮೇಲೆ ಬೀಳುತ್ತದೆ, ನಡುವಿನ ಜಾಗ ಖಾಲಿ. ಇದನ್ನು ಯಾರೂ ತಾವಾಗಿ ಡಾಕ್ಟರಿಗೆ ಹೇಳುವುದಿಲ್ಲ. ಹೇಳಿ.

ಇನ್ನು ಎರಡು ಎಚ್ಚರಿಕೆ. ನೋವು ರಾತ್ರಿ ಎಬ್ಬಿಸುತ್ತಿದ್ದರೆ, ರಕ್ತ ಹೋಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಬ್ಲಾಕಿನ ಮಾತು ಆಮೇಲೆ; ಮೊದಲು ಬೇರೆ ಕಾರಣ ಹುಡುಕಬೇಕು. ಕೂರುವ ಜಾಗವೆಲ್ಲ ಇದ್ದಕ್ಕಿದ್ದಂತೆ ಜೋಮು ಹಿಡಿದು ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ತಳದ ನರಗಳ ತುರ್ತು ಸ್ಥಿತಿ, ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಬ್ಲಾಕ್ ಅಂದರೆ ದಂತವೈದ್ಯರು ಹಲ್ಲು ಕೀಳುವ ಮೊದಲು ಕೊಡುವ ಔಷಧಿಯ ಜಾತಿಯದೇ ಔಷಧಿಯನ್ನು ನರದ ಪಕ್ಕಕ್ಕೆ ಬಿಡುವುದು. ಲಿಗ್ನೋಕೇನ್ ಆದರೆ ಒಂದೆರಡು ಗಂಟೆ, ಬ್ಯುಪಿವಕೇನ್ ಆದರೆ ಇನ್ನೂ ಹಲವು ಗಂಟೆ ನರದ ಸುದ್ದಿ ಮೇಲಕ್ಕೆ ಹೋಗುವುದಿಲ್ಲ. ಪುಡೆಂಡಲ್ ಬ್ಲಾಕ್ ಹೊಸದೇನಲ್ಲ. ಇಕ್ಕಳ ಹಾಕಿ ಹೆರಿಗೆ ಮಾಡಿಸುವಾಗ ಪ್ರಸೂತಿ ತಜ್ಞರು ಇದನ್ನು ತಲೆಮಾರುಗಳಿಂದ ಕೊಡುತ್ತ ಬಂದಿದ್ದಾರೆ. ನೋವಿನ ಮೂಲ ಹುಡುಕುವಾಗ ಮಾತ್ರ ಅಂದಾಜಿನ ಗುರಿ ಸಾಲದು. ರೋಗಿಯನ್ನು ಬೋರಲು ಮಲಗಿಸಿ ಸೋನೋಗ್ರಫಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ, ಇಲ್ಲವೇ ಸಿಟಿ ಸ್ಕ್ಯಾನಿನ ನೆರವಿನಿಂದ ಸೂಜಿಯನ್ನು ಆ ಮೊನಚು ಎಲುಬಿನ ಬಳಿಗೆ ಒಯ್ಯುತ್ತಾರೆ. (ನೋವಿನ ಕ್ಲಿನಿಕ್ಕಿನ ಗೋಡೆಯಲ್ಲೂ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಕಂಡರೆ ಗಾಬರಿ ಬೇಡ, ಸೋನೋಗ್ರಫಿ ಯಂತ್ರ ಇಟ್ಟವರು ಭ್ರೂಣಲಿಂಗ ಪತ್ತೆ ತಡೆಯುವ ಕಾನೂನಿಗೆ ಒಳಪಡುತ್ತಾರೆ.)

ಈಗ ಇದರ ತರ್ಕ. ಹಳೆಯ ಬಿಲ್ಡಿಂಗಿನಲ್ಲಿ ಎಲ್ಲೋ ವಯರ್ ಸುಟ್ಟ ವಾಸನೆ ಬರುತ್ತಿದೆ ಎನ್ನಿ. ವಯರ್‌ಮ್ಯಾನ್ ಮೀಟರ್ ರೂಮಿಗೆ ಹೋಗಿ ಮೂರನೆಯ ಮಾಳಿಗೆಯ ಸ್ವಿಚ್ಚು ಇಳಿಸುತ್ತಾನೆ, ವಾಸನೆ ನಿಲ್ಲುತ್ತದೆ. ತೊಂದರೆ ಆ ಲೈನಿನಲ್ಲೇ ಇದೆ ಎಂದು ಗೊತ್ತಾಯಿತು. ಗೋಡೆಯೊಳಗಿನ ವಯರ್ ಹಾಳಾಗಿದೆಯೋ, ಲೈನಿನ ತುದಿಯಲ್ಲಿರುವ ಮಿಕ್ಸರ್ ಸುಡುತ್ತಿದೆಯೋ ಎಂಬುದು ಮಾತ್ರ ಗೊತ್ತಾಗಲಿಲ್ಲ. ಎರಡರಲ್ಲೂ ಸ್ವಿಚ್ಚು ಇಳಿಸಿದರೆ ವಾಸನೆ ನಿಲ್ಲುತ್ತದೆ.

ಬ್ಲಾಕಿನ ಶಕ್ತಿಯೂ ಮಿತಿಯೂ ಇಷ್ಟೇ. ಗುದದ್ವಾರದಲ್ಲಿ ಫಿಶರ್ ಇದ್ದವನಿಗೂ ಪುಡೆಂಡಲ್ ಬ್ಲಾಕ್ ಕೊಟ್ಟರೆ ನೋವು ಮಾಯವಾಗುತ್ತದೆ, ಏಕೆಂದರೆ ಆ ಬಿರುಕಿನ ನೋವು ಮೇಲಕ್ಕೆ ಹೋಗುವುದೂ ಅದೇ ನರದಲ್ಲಿ. ಅವನ ನರ ಎಲ್ಲೂ ಒತ್ತಿಕೊಂಡಿಲ್ಲ; ಅದನ್ನು ಬಿಡಿಸುವ ಆಪರೇಷನ್ ಮಾಡಿದರೆ ಕೈಗೆ ಹತ್ತುವುದು ಹೊಸ ಗಾಯ ಮಾತ್ರ. ಹಾಗಾಗಿ ‘ಬ್ಲಾಕ್ ಪಾಸಿಟಿವ್, ಆದ್ದರಿಂದ ಆಪರೇಷನ್’ ಎಂದು ಒಂದೇ ಜಿಗಿತಕ್ಕೆ ಹೋಗುವಂತಿಲ್ಲ. ನಾಂತ್‌ನವರೇ ಬ್ಲಾಕನ್ನು ಅಗತ್ಯ ಲಕ್ಷಣ ಎಂದರೂ ಅದೊಂದೇ ರೋಗವನ್ನು ಖಚಿತ ಮಾಡಲಾರದು ಎಂದಿದ್ದಾರೆ. ತಿರುಗಿಸಿಯೂ ನೋಡಬೇಕು: ಬ್ಲಾಕ್ ಕೊಟ್ಟರೂ ನೋವು ಇಳಿಯಲಿಲ್ಲ ಎಂದಾಕ್ಷಣ ನರದ ತಪ್ಪಿಲ್ಲ ಎಂದು ಬಿಟ್ಟುಬಿಡುವಂತಿಲ್ಲ. ಔಷಧಿ ನರವನ್ನು ತಲುಪದೇ ಇದ್ದಿರಬಹುದು, ಒತ್ತಡ ಇರುವ ಜಾಗ ಸೂಜಿ ಬಿದ್ದಲ್ಲಿಂದ ಮೇಲೆ ಇರಬಹುದು. ಬ್ಲಾಕಿನ ನಂತರ ಆ ಜಾಗದ ಚರ್ಮ ನಿಜವಾಗಿ ಮರಗಟ್ಟಿತೇ ಎಂದು ಹತ್ತಿಯಿಂದಲೋ ಸೂಜಿಯ ಮೊನೆಯಿಂದಲೋ ಮುಟ್ಟಿ ನೋಡುವುದು ಅದಕ್ಕೇ. ಚರ್ಮವೇ ಮರಗಟ್ಟದಿದ್ದರೆ ಆ ಪರೀಕ್ಷೆ ಆಗಲೇ ಇಲ್ಲ ಎಂದು ಲೆಕ್ಕ.

ಮೂರನೆಯ ತೊಡಕು ಮನುಷ್ಯಸ್ವಭಾವದ್ದು. ವರ್ಷಗಟ್ಟಲೆ ನರಳಿದವನಿಗೆ ಕೊನೆಗೂ ಯಾರೋ ನೋವಿನ ಹೆಸರು ಹೇಳಿ, ಯಂತ್ರದ ಪರದೆಯಲ್ಲಿ ತೋರಿಸಿ ಸೂಜಿ ಹಾಕಿದರೆ, ಆ ಭರವಸೆಯೇ ನೋವನ್ನು ಇಳಿಸುತ್ತದೆ. ಇದು ನಾಟಕವಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ. ಬೆನ್ನಿನ ಸಣ್ಣ ಕೀಲುಗಳ ಬ್ಲಾಕಿನಲ್ಲಿ ಇದನ್ನು ಅಳೆದು ನೋಡಿದ್ದಾರೆ. 1994ರಲ್ಲಿ ‘ಪೇನ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 176 ಸೊಂಟನೋವಿನ ರೋಗಿಗಳಿಗೆ ಮೊದಲು ಲಿಗ್ನೋಕೇನ್ ಕೊಟ್ಟರು. 83 ಮಂದಿ ಸ್ಪಷ್ಟವಾಗಿ ಆರಾಮ ಎಂದರು. ಖಚಿತಪಡಿಸಿಕೊಳ್ಳಲು ಬ್ಯುಪಿವಕೇನ್‌ನಿಂದ ಎರಡನೆಯ ಬ್ಲಾಕ್ ಮಾಡಿದಾಗ ನೋವು ಅರ್ಧಕ್ಕಾದರೂ ಇಳಿದದ್ದು 26 ಜನರಿಗೆ ಮಾತ್ರ. ಬೆನ್ನಿನ ಕೀಲಿನ ಲೆಕ್ಕವನ್ನು ಪುಡೆಂಡಲ್ ನರಕ್ಕೆ ಹಾಗೇ ಅಂಟಿಸಲಾಗದು, ನಿಜ. ಆದರೆ ಒಂದೇ ಬ್ಲಾಕಿನ ಮಾತು ಕೇಳಿ ಕತ್ತರಿ ಹಿಡಿಯಬಾರದು ಎಂಬುದಕ್ಕೆ ಇಷ್ಟು ಸಾಕು. ಸಾಧ್ಯವಿದ್ದಲ್ಲಿ ಎರಡು ಬೇರೆ ದಿನ, ಒಮ್ಮೆ ಬೇಗ ಇಳಿಯುವ ಔಷಧಿ, ಇನ್ನೊಮ್ಮೆ ತಡವಾಗಿ ಇಳಿಯುವ ಔಷಧಿ ಕೊಟ್ಟು, ಆರಾಮ ಎಷ್ಟು ಹೊತ್ತು ಉಳಿಯಿತು ಎಂಬುದು ಔಷಧಿಯ ಅವಧಿಗೆ ಹೊಂದುತ್ತದೆಯೇ ಎಂದು ನೋಡುವುದು ಒಳ್ಳೆಯ ಪದ್ಧತಿ.

ನನ್ನ ದೃಷ್ಟಿಯಲ್ಲಿ ಇಡೀ ಪರೀಕ್ಷೆಯ ಪ್ರಾಣ ಇರುವುದು ಸೂಜಿ ಹೊರತೆಗೆದ ನಂತರದ ಗಂಟೆಗಳಲ್ಲಿ. ನಮ್ಮ ಆಸ್ಪತ್ರೆಗಳು ಹೆಚ್ಚಾಗಿ ಹಾಳು ಮಾಡುವುದೂ ಅವನ್ನೇ. ಬ್ಲಾಕ್ ಮುಗಿದೊಡನೆ ರೋಗಿಯನ್ನು ವಾರ್ಡಿನ ಮಂಚದ ಮೇಲೆ ಮಲಗಿಸುತ್ತಾರೆ. ಸಿಸ್ಟರ್ ಬಂದು ಬಿಪಿ ನೋಡುತ್ತಾರೆ. ‘ನೋವಿದೆಯಾ?’ ‘ಇಲ್ಲ.’ ಕೇಸ್‌ಪೇಪರಿನಲ್ಲಿ ‘ಆರಾಮ’ ಎಂದು ಬೀಳುತ್ತದೆ. ಕೂತರೆ ಮಾತ್ರ ಬರುವ ನೋವು ಮಲಗಿದವನಿಗೆ ಬ್ಲಾಕ್ ಇಲ್ಲದೆಯೂ ಇರುವುದಿಲ್ಲವಲ್ಲ! ಔಷಧಿ ಕೆಲಸ ಮಾಡುವ ಆ ಅಮೂಲ್ಯ ಗಂಟೆಗಳಲ್ಲಿ ಮಾಡಬೇಕಾದ್ದು, ಕಾಲಿನ ಬಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ, ಯಾವ ಕುರ್ಚಿ ನೋವು ಕೊಡುತ್ತದೋ ಅದರ ಮೇಲೆ ಕೂರುವುದು. ಪರೇಲ್‌ನ ಆಸ್ಪತ್ರೆಯಿಂದ ಮಲಾಡ್‌ಗೆ ಟ್ಯಾಕ್ಸಿಯಲ್ಲಿ ಕೂತು ಬರುವ ಹೊತ್ತೇ ಪರೀಕ್ಷೆಗೆ ಬಂಗಾರದಂಥದ್ದು. ಮುಂಬಯಿಯ ಟ್ರಾಫಿಕ್ಕಿನಿಂದ ಒಂದಾದರೂ ಉಪಕಾರ ಇದೆ ಅನ್ನಬೇಕು.

ಇದಕ್ಕೆ ಬೇಕಾದ ಸಲಕರಣೆ ಒಂದು ಹಾಳೆ, ಒಂದು ಪೆನ್ನು. ಬ್ಲಾಕಿಗೆ ಮೊದಲು ಸ್ವಲ್ಪ ಹೊತ್ತು ಕೂತು, ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ನೋವು ಎಷ್ಟೆಂದು ಬರೆದುಕೊಳ್ಳಿ. ಆ ದಿನ ನೋವು ಇಲ್ಲವೇ ಇಲ್ಲ ಎಂದಾದರೆ ಬ್ಲಾಕ್ ಮುಂದೂಡಲು ಕೇಳಿ, ಇಲ್ಲದ ನೋವನ್ನು ಇಳಿಸಿ ನೋಡುವುದು ಹೇಗೆ? ಸೂಜಿ ಬಿದ್ದ ಅರ್ಧ ಗಂಟೆಗೆ ಒಮ್ಮೆ, ಆಮೇಲೆ ಗಂಟೆಗೊಮ್ಮೆ, ಮಲಗುವ ತನಕ ಬರೆಯಿರಿ: ಕೂತಿದ್ದೆನೋ ನಿಂತಿದ್ದೆನೋ, ಅಂಕ ಎಷ್ಟು, ಚರ್ಮ ಜೋಮು ಹಿಡಿದಿದೆಯೋ ಇಲ್ಲವೋ. ಉರಿಯೋ, ಚುಚ್ಚೋ, ಕರೆಂಟು ಹೊಡೆದ ಹಾಗೋ, ಏನೋ ಸಿಕ್ಕಿಕೊಂಡಂತೋ, ಇವುಗಳಲ್ಲಿ ಯಾವುದು ಹೋಯಿತು, ಯಾವುದು ಉಳಿಯಿತು ಎಂಬುದನ್ನೂ ಬರೆಯಿರಿ. ಕನ್ನಡದಲ್ಲೇ, ತುಳುವಿನಲ್ಲೇ ಬರೆಯಿರಿ. ಡಾಕ್ಟರ ಮುಂದೆ ಹಿಂದಿಯಲ್ಲಿ ಹೇಳುವಾಗ ಅರ್ಧ ಸಂಕೋಚಕ್ಕೆ, ಅರ್ಧ ಭಾಷೆಗೆ ಬಲಿಯಾಗಿ ಕೊನೆಗೆ ಉಳಿಯುವುದು ‘ಬಹುತ್ ದುಖತಾ ಹೈ’ ಒಂದೇ. ಹಾಳೆ ಕೈಯಲ್ಲಿದ್ದರೆ ಅಂಕಗಳಾದರೂ ತಾವೇ ಮಾತಾಡುತ್ತವೆ.

ನಿದ್ದೆ ಬರಿಸುವ ಔಷಧಿ ಕೊಟ್ಟು ಬ್ಲಾಕ್ ಮಾಡುವುದಾದರೆ ಏಕೆಂದು ಕೇಳಿ. ಮಂಪರಿನಲ್ಲಿರುವವನ ನೋವು ಮಂಪರಿನಿಂದಲೇ ಇಳಿಯಬಹುದು, ಫಲಿತಾಂಶ ಕೆಡುತ್ತದೆ. ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆ ನಡೆಯುತ್ತಿದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಬ್ಲಾಕಿನ ಜೊತೆಗೆ ಸ್ಟಿರಾಯ್ಡ್ ಬೆರೆಸುವ ರೂಢಿ ವ್ಯಾಪಕವಾಗಿದೆ. ನೋವು ಹೆಚ್ಚು ಕಾಲ ದೂರ ಇರಲಿ ಎಂಬುದು ಅದರ ಹಿಂದಿನ ಆಸೆ. ನಾಂತ್‌ನ ಲಾಬಾ ಮತ್ತು ಸಂಗಡಿಗರು 201 ರೋಗಿಗಳಲ್ಲಿ, ಯಾರಿಗೆ ಏನು ಕೊಟ್ಟಿದ್ದೆಂದು ರೋಗಿಗೂ ಪರೀಕ್ಷಿಸುವವರಿಗೂ ಗೊತ್ತಾಗದ ಹಾಗೆ ಇದನ್ನು ಒರೆಗೆ ಹಚ್ಚಿದರು. 2017ರಲ್ಲಿ ಬಂದ ಫಲಿತಾಂಶ: ಮೂರು ತಿಂಗಳ ನಂತರ ಬರೀ ಮರಗಟ್ಟಿಸುವ ಔಷಧಿ ಪಡೆದವರಲ್ಲಿ ಶೇ. 11.8, ಸ್ಟಿರಾಯ್ಡ್ ಸೇರಿಸಿದವರಲ್ಲಿ ಶೇ. 14.3 ಮಂದಿಗೆ ಗುಣ ಕಂಡಿತ್ತು. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಎರಡು ಮಾತು ಇದರಿಂದ ಸ್ಪಷ್ಟವಾಗುತ್ತವೆ. ಈ ಇಂಜೆಕ್ಷನ್ನನ್ನು ಚಿಕಿತ್ಸೆ ಎಂದು ಹೇಳಿ ಸಾಲಾಗಿ ನಾಲ್ಕಾರು ಬಾರಿ ಕೊಡುವವರ ಬಳಿ ಆಧಾರ ತೆಳುವಾಗಿದೆ. ಸಕ್ಕರೆ ಕಾಯಿಲೆಯವರಂತೂ ಸ್ಟಿರಾಯ್ಡ್ ಬೇಕೇ ಎಂದು ಮುಖ ನೋಡಿ ಕೇಳಬೇಕು, ಅದರಿಂದ ಕೆಲವು ದಿನ ಶುಗರ್ ಏರುತ್ತದೆ.

ಇನ್ನು ಆಪರೇಷನ್. ಪಟ್ಟಿಯೊಂದನ್ನು ಕತ್ತರಿಸಿ, ಕಾಲುವೆ ಬಿಡಿಸಿ, ನರಕ್ಕೆ ಜಾಗ ಮಾಡಿಕೊಡುವುದು ಅದರ ಸಾರ. ನಾಂತ್‌ನ ರೊಜೆ ರೊಬೇರ್ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಎಲ್ಲರೂ ಎತ್ತಿ ಹೇಳುವಂಥದ್ದು. ರೋಗಿಗಳು ಒಟ್ಟು 32. ಚೀಟಿ ಎತ್ತಿದಂತೆ 16 ಜನಕ್ಕೆ ಆಪರೇಷನ್, 16 ಜನಕ್ಕೆ ಆಪರೇಷನ್ ಇಲ್ಲದ ಚಿಕಿತ್ಸೆ. ಮೂರು ತಿಂಗಳಿಗೆ ಆಪರೇಷನ್ ಗುಂಪಿನಲ್ಲಿ ಅರ್ಧದಷ್ಟು ಮಂದಿಗೆ ಗುಣ, ಇನ್ನೊಂದರಲ್ಲಿ ಒಬ್ಬರಿಗೆ. ವರ್ಷದ ನಂತರ, ನಿಗದಿಯಾದ ಚಿಕಿತ್ಸೆಯನ್ನೇ ಪಡೆದವರ ಲೆಕ್ಕದಲ್ಲಿ, ಶೇ. 71.4 ಮತ್ತು ಶೇ. 13.3. ಆಪರೇಷನ್ ಮಾಡುವವರು ಈ 71 ಎಂಬ ಅಂಕಿಯನ್ನು ಹೇಳುತ್ತಾರೆ. ನೀವು ನೆನಪಿಡಬೇಕಾದ್ದು ಅದರ ಹಿಂದಿನ ಷರತ್ತನ್ನು: ಆ 32 ಜನರೂ ಬ್ಲಾಕಿಗೆ ತಾತ್ಕಾಲಿಕವಾಗಿಯಾದರೂ ಆರಾಮ ಕಂಡವರೇ, ಅದಿಲ್ಲದೆ ಪ್ರಯೋಗದೊಳಗೆ ಪ್ರವೇಶವೇ ಇರಲಿಲ್ಲ. ಬ್ಲಾಕ್ ಮಾಡದೆ ಆಪರೇಷನ್‌ಗೆ ಕರೆಯುವವರು ಈ ಅಂಕಿಯನ್ನು ಉಲ್ಲೇಖಿಸಲು ಹಕ್ಕುಳ್ಳವರಲ್ಲ. ಅಷ್ಟು ಜರಡಿ ಹಿಡಿದು ಆರಿಸಿದವರಲ್ಲೂ ಹತ್ತರಲ್ಲಿ ಮೂವರಿಗೆ ವರ್ಷವಾದರೂ ಗುಣ ಕಾಣಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಸುಧಾರಣೆ ವಾರಗಳಲ್ಲಿ ಬರುವುದಿಲ್ಲ, ತಿಂಗಳುಗಳು ಬೇಕು. ಬಹುಕಾಲ ನೋವು ತಿಂದ ನರದ ಹಿಂದೆ ಬೆನ್ನುಹುರಿಯೂ ಮಿದುಳೂ ನೋವಿಗೆ ಪಳಗಿಬಿಟ್ಟಿರುತ್ತವೆ. ಒತ್ತಡ ತೆಗೆದ ಮಾತ್ರಕ್ಕೆ ಆ ಪಳಗಿಕೆ ಅಳಿಯುವುದಿಲ್ಲ.

ಹಾಗಾಗಿ ಆಪರೇಷನ್‌ಗೆ ಮೊದಲು ಮಾಡಬೇಕಾದ್ದು ಬೇರೆ ಇದೆ. ಮಧ್ಯೆ ಖಾಲಿ ಇರುವ ದಿಂಬು, ಗಂಟೆಗೊಮ್ಮೆ ಎದ್ದು ನಿಲ್ಲುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು, ಸೈಕಲ್ ಬಿಡುವುದು, ನರದ ನೋವಿನ ಮಾತ್ರೆ, ತಳದ ಸ್ನಾಯುಗಳನ್ನು ಸಡಿಲಿಸಲು ಬಲ್ಲ ಫಿಸಿಯೋಥೆರಪಿಸ್ಟ್. ಎಷ್ಟೋ ಜನರಲ್ಲಿ ಬಿಗಿದುಕೊಂಡ ಸ್ನಾಯುವೇ ನೋವಿನ ಮೂಲ, ನರ ಪಾಪ ಪಕ್ಕದಲ್ಲಿ ನಿಂತು ಬೈಸಿಕೊಂಡಿದ್ದು.

ಬ್ಲಾಕಿನ ಇದೇ ತರ್ಕ ಪಕ್ಕದ ನರಗಳಿಗೂ ಸಲ್ಲುತ್ತದೆ. ಸಿಸೇರಿಯನ್ ಗಾಯದ ಮೂಲೆಯಲ್ಲಿ ವರ್ಷಗಳ ಬಳಿಕವೂ ಬೆರಳಿಟ್ಟು ತೋರಿಸಬಹುದಾದ ನೋವು, ಹರ್ನಿಯಾ ಆಪರೇಷನ್ ಆದ ಮೇಲೆ ತೊಡೆಸಂದಿನಲ್ಲಿ ಉಳಿದ ಉರಿ, ಇವುಗಳ ಹಿಂದೆ ಇಲಿಯೋಇಂಗ್ವಿನಲ್‌ನಂಥ ಬೇರೆ ನರಗಳಿರುತ್ತವೆ. ಹೊಟ್ಟೆಯ ಗೋಡೆಯ ನೋವಿಗೆ 1926ರಲ್ಲಿ ಕಾರ್ನೆಟ್ ಹೇಳಿಕೊಟ್ಟ ಪರೀಕ್ಷೆ ಸರಳವಾದದ್ದು: ನೋವಿನ ಜಾಗ ಒತ್ತಿ ಹಿಡಿದು ತಲೆ ಎತ್ತಿಸಿದಾಗ ನೋವು ಹೆಚ್ಚಿದರೆ ಮೂಲ ಒಳಗಿನ ಅಂಗದಲ್ಲಲ್ಲ, ಗೋಡೆಯಲ್ಲಿ. ಅಲ್ಲಿಗೊಂದು ಬ್ಲಾಕ್ ಕೊಟ್ಟು ನೋಡಿದರೆ ಅನಗತ್ಯ ಲ್ಯಾಪರೋಸ್ಕೋಪಿ ತಪ್ಪೀತು.

ಅಪಾಯ ಇಲ್ಲವೇ? ಇದೆ, ಆದರೆ ಸಾಮಾನ್ಯವಾಗಿ ಸಣ್ಣದು. ಔಷಧಿ ಪಕ್ಕದ ಸಯಾಟಿಕ್ ನರಕ್ಕೆ ಹರಿದರೆ ಕೆಲವು ಗಂಟೆ ಕಾಲು ಸೋಲುತ್ತದೆ. ಆ ದಿನ ಒಬ್ಬರೇ ವಿರಾರ್ ಫಾಸ್ಟ್ ಲೋಕಲ್ ರೈಲು ಹತ್ತುವ ಸಾಹಸ ಬೇಡ, ಜೊತೆಗೆ ಒಬ್ಬರು ಇರಲಿ. ಮೂತ್ರ ಸ್ವಲ್ಪ ಹೊತ್ತು ಕಟ್ಟಬಹುದು ಅಥವಾ ಜಾರಬಹುದು. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಔಷಧಿಯ ಅಲರ್ಜಿ ಇರುವವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಔಷಧಿ ರಕ್ತನಾಳಕ್ಕೆ ಹೋದರೆ ಕಿವಿಯಲ್ಲಿ ಗುಂಯ್ ಎನ್ನುವುದು, ಬಾಯಲ್ಲಿ ಲೋಹದ ರುಚಿ ಬರುವುದು ಆರಂಭದ ಸೂಚನೆ, ತಕ್ಷಣ ಹೇಳಿ. ಇದನ್ನು ನಿಭಾಯಿಸುವ ಸಜ್ಜು ಇರುವ ಕಡೆಯೇ ಬ್ಲಾಕ್ ಮಾಡಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿ. ಮಲಾಡಿನವರಿಗೆ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ವಿಲೆ ಪಾರ್ಲೆಯ ಕೂಪರ್ ಇದೆ, ದೂರವಾದರೂ ಪರೇಲ್‌ನ ಕೆಇಎಂ ಇದೆ. ಇಂಥ ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗದವರನ್ನು ಕಂಡು, ನೋವಿಗೆಂದೇ ಓಪಿಡಿ ಯಾವ ದಿನ ಎಂದು ವಿಚಾರಿಸಿ.

ಸರ್ಜನ್ ಎದುರು ಕೂತಾಗ, ಅಥವಾ ಕೂರಲಾಗದೆ ನಿಂತಾಗ, ಆ ಹಾಳೆಯನ್ನು ಮೇಜಿನ ಮೇಲಿಡಿ. ಬ್ಲಾಕ್ ಎಲ್ಲಿ ಕೊಟ್ಟರು, ಯಾವ ಔಷಧಿ, ಚರ್ಮ ಮರಗಟ್ಟಿತ್ತೇ, ಕೂತಾಗ ಅಂಕ ಎಷ್ಟಿತ್ತು, ಎಷ್ಟು ಹೊತ್ತಿಗೆ ನೋವು ಮರಳಿತು, ನಾಂತ್‌ನ ಉಳಿದ ನಾಲ್ಕು ಲಕ್ಷಣ ಹೊಂದುತ್ತವೆಯೇ ಎಂದು ಅವರು ಕೇಳಬೇಕು. ಹಾಳೆಯತ್ತ ನೋಡದೆ ಆಪರೇಷನ್ ತಾರೀಖು ಬರೆದುಕೊಡುವವರಿದ್ದರೆ ತಾರೀಖು ತೆಗೆದುಕೊಳ್ಳಬೇಡಿ, ಇನ್ನೊಬ್ಬ ಸರ್ಜನ್‌ರನ್ನು ಕಾಣಿ.